ವೆಸ್ಟ್ ವರ್ಜೀನಿಯಾ ಪ್ರಸಂಗ

ಕೊಗ್ಗನಿಗೆ ಬಾಯಿ ಎಂದರೆ ಬಾಯಿ. ಮಸ್ಕತ್ತಿನ ಹಮ್ರಿಯಾದಲ್ಲಿ ತುಳುವರು ಎಲ್ಲಿ ತಾಳಮದ್ದಳೆಗೆ ಕೂತರೂ ಜೋರು ವಾದದ ಪಾತ್ರ ಅವನಿಗೇ ಮೀಸಲು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಿನ ಯುದ್ಧ ಮಾಡುತ್ತಾರೆ. ಬರೆದಿಟ್ಟ ಮಾತೂ ಇಲ್ಲ. ಇರುವುದು ಒಂದೇ ಧರ್ಮ: ಕೊಟ್ಟ ಪಾತ್ರವನ್ನು ಬಿಟ್ಟುಕೊಡಬಾರದು. ದುರ್ಯೋಧನ ಸಿಕ್ಕಿದರೆ ದುರ್ಯೋಧನನೇ ಸರಿ ಎಂದು ಮನಸ್ಸಿಟ್ಟು ವಾದಿಸಬೇಕು. ಇಂಥ ಕೊಗ್ಗನ ಬಾಯಿಗೆ ಬೀಗ ಬೀಳುತ್ತಿದ್ದದ್ದು ಆಫೀಸಿನಲ್ಲಿ ಮಾತ್ರ, ಅದೂ ಮ್ಯಾನೇಜರ್ ಮಹಾಬಲ ಆಳ್ವರ ಎದುರು.

ಬೀಗ ಬೀಳದೆ ಇನ್ನೇನು? 2016ರ ಕಾಲ. ಎಣ್ಣೆಯ ಬೆಲೆ ನೆಲಕಚ್ಚಿತ್ತು. ಎಣ್ಣೆ ಬಾವಿಗಳಿಗೆ ಪಂಪು, ಪೈಪು ಒದಗಿಸುವ ಅವರ ಕಂಪನಿಯಲ್ಲಿ ಇಂದು ಒಬ್ಬನ ಕುರ್ಚಿ ಖಾಲಿಯಾದರೆ ನಾಳೆ ಇನ್ನೊಬ್ಬನದು. ಕಂಪನಿಯ ವ್ಯಾನಿನ ಡ್ರೈವರ್ ಉಸ್ಮಾನ್‌ನ ಸರದಿಯೂ ಬಂತು. ಕೊಗ್ಗನ ಮಗಳು ಪ್ರಣೀತಾ ಎಲ್‌ಕೆಜಿಯಿಂದ ಒಂಬತ್ತನೇ ಕ್ಲಾಸಿನವರೆಗೆ ಶಾಲೆಗೆ ಹೋದದ್ದು ಅವನ ವ್ಯಾನಿನಲ್ಲೇ. ಆಳ್ವರು ಅವನನ್ನು ಕರೆದು ಒಂದು ಮಾತೂ ಆಡಲಿಲ್ಲ. ಯಾರಿಂದಲೋ ಫೋನ್ ಮಾಡಿಸಿ ಕೆಲಸ ಖಲಾಸ್ ಎನ್ನಿಸಿದರು, ಅಷ್ಟೆ.

ಈ ಆಳ್ವರೇ ತಾಳಮದ್ದಳೆ ಕೂಟದ ಪೋಷಕರು, ಒಳ್ಳೆಯ ಅರ್ಥಧಾರಿ ಕೂಡ. ವಾರ್ಷಿಕ ಕೂಟ ಮುಗಿದ ಮೇಲೆ ಅವರಿಗೆ ಶಾಲು ಹೊದಿಸುವುದು, ಸದಸ್ಯರ ಮಕ್ಕಳಲ್ಲಿ ಒಬ್ಬರು ಹಣ್ಣಿನ ತಟ್ಟೆ ಕೊಟ್ಟು ಕಾಲು ಮುಟ್ಟಿ ನಮಸ್ಕರಿಸುವುದು ನಡೆದುಬಂದ ಪದ್ಧತಿ. ಆ ವರ್ಷ ಪ್ರಣೀತಳ ಸರದಿ.

"ನಾನು ಅವರ ಕಾಲಿಗೆ ಬೀಳುದಿಲ್ಲ ಪಪ್ಪಾ. ತಟ್ಟೆ ಕೊಡ್ತೇನೆ, ಅಷ್ಟೇ," ಎಂದುಬಿಟ್ಟಳು ಹುಡುಗಿ.

ಆಳ್ವರ ಮನಸ್ಸು ಕೆಟ್ಟರೆ ಮುಂದಿನ ಖಾಲಿ ಕುರ್ಚಿ ಯಾರದೆಂದು ಹೇಳಬೇಕೇ? ಕೊಗ್ಗ ಗದರಿದ, ಗೋಗರೆದ. ಒಮ್ಮೆ ಬಗ್ಗಿದರೆ ಸೊಂಟವೇನು ಸವೆಯುತ್ತದಾ ಎಂದು ಕೇಳಿದ. ಪ್ರಣೀತಾ ಪಟ್ಟು ಬಿಡಲಿಲ್ಲ. ನಡುವೆ ಅವನ ಹೆಂಡತಿ ಹರಿಣಾಕ್ಷಿಯ ಸ್ಥಿತಿ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯದು.

ಅಷ್ಟರಲ್ಲಿ ಶಾಲೆಯಲ್ಲಿ ಭಾಷಣಕ್ಕೆ ಒಂದು ವಿಷಯ ಆರಿಸಿಕೊಳ್ಳಲು ಹೇಳಿದ್ದರು. ಪ್ರಣೀತಾ ಹುಡುಕಿ ಹುಡುಕಿ ತೆಗೆದದ್ದು ಅಮೆರಿಕದ ಒಂದು ಮೊಕದ್ದಮೆ. ಎರಡನೇ ಮಹಾಯುದ್ಧದ ಕಾಲ. ವೆಸ್ಟ್ ವರ್ಜೀನಿಯಾ ಎಂಬ ರಾಜ್ಯದಲ್ಲಿ ಶಾಲೆಯ ಮಕ್ಕಳೆಲ್ಲ ದಿನವೂ ಧ್ವಜಕ್ಕೆ ಕೈಯೆತ್ತಿ ವಂದಿಸಲೇಬೇಕೆಂಬ ಕಟ್ಟಪ್ಪಣೆ. ದೇವರಿಗಲ್ಲದೆ ಬೇರಾವುದಕ್ಕೂ ವಂದಿಸುವುದು ತಮ್ಮ ನಂಬಿಕೆಗೆ ಸಲ್ಲದೆಂದು ಇಬ್ಬರು ಅಕ್ಕತಂಗಿಯರು ಕೈಯೆತ್ತಲಿಲ್ಲ. ಶಾಲೆಯವರು ಮನೆಗೆ ಅಟ್ಟಿದರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು.

ಹರಿಣಾಕ್ಷಿ ಈ ಮೊಕದ್ದಮೆಯ ಕಥೆಯನ್ನು ಆಳ್ವರ ಹೆಂಡತಿಯ ಕಿವಿಗೆ ಹಾಕಿದಳು. ಮಗಳೇ ಹೇಳಿಕೊಟ್ಟಿದ್ದಳೋ, ತಾಯಿಯದೇ ಉಪಾಯವೋ, ಆ ಗುಟ್ಟು ಇಂದಿಗೂ ರಟ್ಟಾಗಿಲ್ಲ. ಆಳ್ವರು ಖುಷಿಯಾದರು. ಪುರಾಣ ಎಷ್ಟು ಸಲ ಆಯಿತು, ಈ ಸಲ ಇದೇ ಪ್ರಸಂಗವಾಗಲಿ ಎಂದರು. ಕೈಯೆತ್ತಿಸುವ ಶಿಕ್ಷಣ ಮಂಡಳಿಯ ಅಧ್ಯಕ್ಷನ ಪಾತ್ರ ತಮಗೆ, ಹುಡುಗಿಯರ ತಂದೆಯ ಪಾತ್ರ ಕೊಗ್ಗನಿಗೆ. ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಭಾಗವತ ಲಕ್ಷಿತ್, ಅಮೆರಿಕದ ಮೇಲೆ ಪದ್ಯ ಎಲ್ಲಿಂದ ತರಲಿ ಎಂದು ಗೊಣಗುತ್ತಲೇ ನಾಲ್ಕು ಪದ್ಯ ಹೊಸೆದ. ಕೊಗ್ಗ ಹಿಂದೆಮುಂದೆ ನೋಡದೆ ಒಪ್ಪಿದ. ಅರ್ಥಧಾರಿಯಾದವನು ಪಾತ್ರ ಬೇಡ ಎನ್ನುವುದುಂಟೇ?

ಶುಕ್ರವಾರ ಸಂಜೆ, ಹಮ್ರಿಯಾದ ಪಕ್ಕದ ರೂವಿಯ ಹಾಲ್ ತುಂಬಿತ್ತು. ಪದ್ಯ ಮುಗಿದು ಮದ್ದಳೆ ನಿಂತಿತು. ಆಳ್ವರು ಶುರು ಹಚ್ಚಿದರು. ಯುದ್ಧಕಾಲದಲ್ಲಿ ನಾಡು ಒಗ್ಗಟ್ಟಾಗಿರಬೇಕು, ಮಕ್ಕಳಿಗೆ ಈಗಲೇ ಶಿಸ್ತು ಕಲಿಸದೆ ಇನ್ಯಾವಾಗ ಎಂದೆಲ್ಲ ಏರು ದನಿಯಲ್ಲಿ ಹೇಳಿ, ಕೊನೆಗೆ ಕೊಗ್ಗನತ್ತ ತಿರುಗಿದರು.

"ಒಮ್ಮೆ ಕೈಯೆತ್ತಿದರೆ ನಿನ್ನ ಮಕ್ಕಳ ತೋಳೇನು ಸವೆದುಹೋಗುತ್ತದೆಯೇ?"

ಕೊಗ್ಗ ಬೆಚ್ಚಿದ. ಇದು ಅವನದೇ ಮಾತು, ಅವನದೇ ಮನೆಯ ಮಾತು. ಮೂರನೇ ಸಾಲಿನಲ್ಲಿ ಕೂತಿದ್ದ ಪ್ರಣೀತಾ ಕೂಡ ತಲೆಯೆತ್ತಿ ನೋಡಿದಳು. ಸೋಲೊಪ್ಪಿ ಕೂತರೆ ಕೆಲಸ ಗಟ್ಟಿ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಪಾತ್ರ ಬಿಟ್ಟುಕೊಡುವಂತಿಲ್ಲವಲ್ಲ! ಅವನು ಗಂಟಲು ಸರಿಮಾಡಿಕೊಂಡ.

"ಸವೆಯುವುದು ತೋಳಲ್ಲ, ಅಧ್ಯಕ್ಷರೇ. ಹೆದರಿಸಿ ಎತ್ತಿಸಿದ ಕೈಯಲ್ಲಿ ಇರುವುದು ಹೆದರಿಕೆ ಮಾತ್ರ, ಗೌರವವಲ್ಲ. ನಿಮ್ಮ ಧ್ವಜಕ್ಕೆ ಬೇಕಾದದ್ದು ಯಾವುದು?"

ಸಭೆ ಚಪ್ಪಾಳೆ ತಟ್ಟಿತು. ಆಳ್ವರೂ ಬಿಡುವವರಲ್ಲ. ಮೂರು ವರ್ಷದ ಹಿಂದೆ ಇದೇ ಸುಪ್ರೀಂ ಕೋರ್ಟು, ಇಂಥದೇ ವ್ಯಾಜ್ಯದಲ್ಲಿ, ಮಕ್ಕಳು ವಂದಿಸಲೇಬೇಕು ಎಂದು ತೀರ್ಪಿತ್ತಿದೆಯಲ್ಲ ಎಂದು ಪಟ್ಟು ಹಾಕಿದರು. ಅದು ನಿಜ, ಆದರೆ ತಪ್ಪು ತಿಳಿದ ಮೇಲೂ ತಿದ್ದಿಕೊಳ್ಳದೆ ಇರುವುದು ಹಠವಾದೀತೇ ಹೊರತು ದೊಡ್ಡತನವಾಗದು ಎಂದ ಕೊಗ್ಗ. ಹೇಳುತ್ತಿದ್ದಂತೆ ದನಿ ನಡುಗಿತು, ಕಣ್ಣು ಮಗಳ ಕಡೆ ಹೋಯಿತು. ಸಭೆಯವರು ಎಂಥ ಭಾವ ಎಂದು ತಲೆದೂಗಿದರು. ಅದು ಭಾವವಲ್ಲ, ನಾಚಿಕೆ.

ಕೊನೆಯ ಪದ್ಯದಲ್ಲಿ ಕೋರ್ಟು ತನ್ನ ಹಳೆಯ ತೀರ್ಪನ್ನು ತಾನೇ ತಳ್ಳಿಹಾಕಿ, ಯಾರ ಮನಸ್ಸಿನ ನಂಬಿಕೆಯನ್ನೂ ಸರಕಾರ ಬಲವಂತದಿಂದ ಬಗ್ಗಿಸುವಂತಿಲ್ಲ, ಸಂವಿಧಾನ ಅದಕ್ಕೆ ಎಡೆ ಕೊಡುವುದಿಲ್ಲ ಎಂದಿತು. ಮಂಗಳ ಹಾಡಿದರು. ಆಳ್ವರಿಗೆ ಶಾಲು ಹೊದಿಸಿದರು. ಪ್ರಣೀತಾ ತಟ್ಟೆ ಹಿಡಿದು ವೇದಿಕೆ ಹತ್ತಿದಳು. ಮುಖ ಸಣ್ಣದಾಗಿತ್ತು. ಅಪ್ಪನ ಕೆಲಸ ಉಳಿಯಲಿ ಎಂದು ಹುಡುಗಿ ಸೋಲಲು ತಯಾರಾಗಿ ಬಂದಿದ್ದಳು. ತಟ್ಟೆ ಕೊಟ್ಟು ಬಗ್ಗತೊಡಗಿದಳು.

"ಬೇಡ ಮಗಾ. ಮನಸ್ಸಿದ್ರೆ ಮಾತ್ರ ಮಾಡು," ಎಂದ ಕೊಗ್ಗ.

ಆಳ್ವರು ಹುಬ್ಬೇರಿಸಿ, ಪ್ರಸಂಗ ಇನ್ನೂ ಮುಗಿದಿಲ್ಲವೇ ಎಂದು ಕೇಳಿದರು. ಕೊಗ್ಗ ಮಾತು ಹಿಂದೆಗೆದುಕೊಳ್ಳಲಿಲ್ಲ. ಪ್ರಣೀತಾ ನೆಟ್ಟಗೆ ನಿಂತು ಕೈಮುಗಿದಳು.

"ನೀವು ಉಸ್ಮಾನ್ ಅಂಕಲ್ ಹತ್ರ ಒಂದು ಮಾತೂ ಆಡ್ಲಿಲ್ಲ ಸರ್. ಅದಕ್ಕೆ ನನಗೆ ಮನಸ್ಸಿಲ್ಲ."

ಆಳ್ವರ ಮುಖ ಕೆಂಪಗಾಯಿತು. ತಟ್ಟೆಯನ್ನು ಪಕ್ಕಕ್ಕಿಟ್ಟರು. ಆಮೇಲೆ ಮೆಲ್ಲಗೆ, ಅವನು ಇನ್ನೂ ಮಸ್ಕತ್ತಿನಲ್ಲೇ ಇದ್ದಾನೆಯೇ ಎಂದು ಕೇಳಿದರು. ಊರಿಗೆ ಭಾನುವಾರದ ವಿಮಾನ ಎಂದಳು ಪ್ರಣೀತಾ. ಮರುದಿನ ಆಳ್ವರು ತಾವೇ ಉಸ್ಮಾನ್‌ನ ರೂಮಿಗೆ ಹೋಗಿ, ಸುಲೈಮಾನಿ ಚಹಾ ಕುಡಿದು, ತಪ್ಪಾಯಿತು ಎಂದು ಹೇಳಿ ಬಂದರಂತೆ. ಕೆಲಸವನ್ನು ಮರಳಿ ಕೊಡಲಾಗಲಿಲ್ಲ, ಅದು ಅವರ ಕೈಯಲ್ಲೂ ಇರಲಿಲ್ಲ. ಕೊಗ್ಗನ ಕುರ್ಚಿ ಮಾತ್ರ ಅಲ್ಲಾಡಲಿಲ್ಲ.

ಆ ಸಂಜೆ ಕೊಗ್ಗನಿಗೆ ಇದೊಂದೂ ಗೊತ್ತಿರಲಿಲ್ಲ. ಕೆಲಸ ಹೋಯಿತೆಂದೇ ಲೆಕ್ಕ ಹಾಕಿದ್ದ. ಆದರೂ ಮನಸ್ಸು ಹೂವಿನಷ್ಟು ಹಗುರಾಗಿತ್ತು, ಅದೇ ಅವನಿಗೆ ಆಶ್ಚರ್ಯ. ಹಮ್ರಿಯಾದ ಮನೆಗೆ ಬಂದು, ಬಾಗಿಲು ತೆಗೆದು, ಕುರ್ಚಿಯಲ್ಲಿ ಕೂತು ಶೂ ಬಿಚ್ಚುತ್ತಿದ್ದಾಗ ಪ್ರಣೀತಾ ಬಗ್ಗಿ ಅವನ ಕಾಲು ಮುಟ್ಟಿದಳು.

ಕೊಗ್ಗ ಗಾಬರಿಯಾಗಿ ಅವಳ ಕೈ ಹಿಡಿದೆತ್ತಿದ. ಇದನ್ನು ಮಾಡಲು ಯಾರು ಹೇಳಿದರು ಎಂದು ಕೇಳಿದ.

"ಯಾರೂ ಹೇಳ್ಲಿಲ್ಲ," ಎಂದಳು ಮಗಳು.