ಟಾರ್ಪಲಿನ ಮೇಲೆ ಒಟ್ಟಿದ ಮೆದೆ

ಮನಾಲಿಯ ಮೇಲಿನ ಇಳಿಜಾರಿನಲ್ಲಿ ರಾತ್ರಿಯೆಲ್ಲ ಹಿಮ ಬಿದ್ದಿತ್ತು. ಬೆಳಗಿನ ಬಿಸಿಲಿಗೆ, ಒಂದು ಗೆರೆಯೂ ಇಲ್ಲದ ಆ ಬಿಳುಪು ಕಂಡು ಶಶಿಗೆ ತಡೆಯಲಾಗಲಿಲ್ಲ. ಕಣಕಟ್ಟೆಯ ತೆಂಗಿನ ತೋಟದಿಂದ ವರ್ಷಕ್ಕೊಮ್ಮೆ ಅಕ್ಕನ ಬಳಿ ಬಂದು ಸ್ಕೀಯಿಂಗ್ ಕಲಿತವನು. ಮೂರನೇ ವರ್ಷಕ್ಕೇ ಹಿಮವೆಲ್ಲ ತನ್ನ ಮನೆ ಜಗುಲಿ ಅನ್ನುವಷ್ಟು ಧೈರ್ಯ.

"ಎಷ್ಟ್ ಗಟ್ಟಿಯಾಗೈತೆ ನೋಡಕ್ಕ! ಸೀದಾ ಇಳ್ದ್‌ಬಿಡ್ತೀನಿ."

"ಒಂದ್ ಹೆಜ್ಜೆ ಇಡ್ಬೇಡ. ಮೊದ್ಲು ಅಗೆದು ನೋಡ್ತೀನಿ," ಎಂದಳು ಮಧುಶ್ರೀ. ಆರು ವರ್ಷದಿಂದ ಇಲ್ಲೇ ಸ್ಕೀಯಿಂಗ್ ಕಲಿಸುತ್ತಿದ್ದ ಅವಳಿಗೆ ಹೊಸ ಹಿಮವೆಂದರೆ ಭಯ. ಹಿಮ ಕುಸಿದು ಹೂತುಹೋದವರನ್ನು ಅಗೆದು ತೆಗೆದದ್ದನ್ನು ಅವಳು ನೋಡಿದ್ದಳು. ಜೊತೆಗೆ ತಾತ ಸಣ್ಣಯ್ಯ ಫೋನಿನಲ್ಲಿ "ಹುಡುಗ ಜೋಪಾನ ಕಣವ್ವ" ಎಂದಿದ್ದ.

ಪಕ್ಕದ ಪುಟ್ಟ ದಿಬ್ಬದಲ್ಲಿ ಸೊಂಟದಾಳಕ್ಕೆ ಅಗೆದಳು.

"ಬಾವಿ ತೋಡ್ತಿದ್ದೀಯಾ? ನೀರು ಬಂದ್ರೆ ಕರಿ," ಎಂದ ಶಶಿ.

ಅವಳು ಹಿಮವನ್ನು ಕಂಬದ ಹಾಗೆ ಕತ್ತರಿಸಿ, ಮೇಲೆ ಸಲಿಕೆಯಿಟ್ಟು ಅಂಗೈಯಿಂದ ತಟ್ಟಿದಳು. ಮೆಲ್ಲಗೆ ಹತ್ತು ಏಟು, ಏನೂ ಆಗಲಿಲ್ಲ. ಶಶಿ ಹಲ್ಲು ಕಿರಿದ. ಆಮೇಲೆ ಕೊಂಚ ಜೋರಾಗಿ ತಟ್ಟತೊಡಗಿ, ಅದರ ಎರಡನೇ ಏಟು ಬಿದ್ದದ್ದೇ ತಡ, ಮೇಲಿನ ಹೊಸ ಹಿಮವೆಲ್ಲ ಒಂದೇ ಹಲಗೆಯಾಗಿ ಜಾರಿ ಅವಳ ಕಾಲ ಬಳಿ ಬಿತ್ತು. ಅದರಡಿಯಲ್ಲಿದ್ದ ಹರಳು ಹರಳು ಹಿಮ ಮುಷ್ಟಿಯಲ್ಲಿ ಹಿಡಿದರೂ ಉಂಡೆ ಕಟ್ಟದೆ ರಾಗಿಯಂತೆ ಸೋರಿಹೋಯಿತು.

"ಇಷ್ಟ್ ತುಂಡು ಜಾರಿದ್ರೆ ಗುಡ್ಡಾನೇ ಜಾರ್ತದಾ?"

ಮಧುಶ್ರೀಗೆ ರೇಗಿತು. "ನಮ್ಮ ಕಣದ ಮೆದೆ ಮರೆತ್ಯೇನೋ?"

ಶಶಿಯ ಮುಖ ಸಪ್ಪಗಾಯಿತು. ಎರಡು ವರ್ಷದ ಹಿಂದೆ ರಾಗಿ ಕೊಯ್ಲಿನಲ್ಲಿ ಮಳೆ ಬಂದು, ಅರ್ಧ ಒಟ್ಟಿದ ಮೆದೆಗೆ ಟಾರ್ಪಲ್ ಹೊದಿಸಿದ್ದರು. ಮರುದಿನ ಅದನ್ನು ತೆಗೆಯುವುದಕ್ಕೆ ಸೋಮಾರಿತನವಾಗಿ ಶಶಿ ಮಿಕ್ಕ ಹೊರೆಗಳನ್ನೆಲ್ಲ ಅದರ ಮೇಲೇ ಒಟ್ಟಿದ್ದ. ಸಂಜೆ ಅಷ್ಟೂ ಜಾರಿ, ಕೆಳಗೆ ಕೂತಿದ್ದ ತಾತನ ಮೇಲೆ ಬಿತ್ತು. ಎಳೆದು ತೆಗೆಯುವಷ್ಟರಲ್ಲಿ ಮುದುಕನ ಉಸಿರು ನಿಂತಂತೆಯೇ ಆಗಿತ್ತು. ಗಾಳಿಗೆ ಬಿತ್ತು ಎಂದಿತು ಊರು. ಶಶಿಯೂ ಹೂಂ ಎಂದ. ಅಕ್ಕನ ಹತ್ತಿರ ಮಾತ್ರ ನಿಜ ಹೇಳಿಕೊಂಡು ಅತ್ತಿದ್ದ.

ಈಗ ಅವನು ಇಳಿಜಾರನ್ನು ಇನ್ನೊಮ್ಮೆ ನೋಡಿ, ಹಿಂದಕ್ಕೆ ತಿರುಗಿದ. ಇಬ್ಬರೂ ಬಂದ ದಾರಿಯಲ್ಲೇ, ಮರಗಳ ನಡುವೆ ಇಳಿದರು. ಆ ಇಳಿಜಾರು ಆಮೇಲೆ ಜಾರಿತೋ ಇಲ್ಲವೋ, ನೋಡುವುದಕ್ಕೆ ಯಾರು ಹೋಗುತ್ತಾರೆ? ರಸ್ತೆ ಮುಟ್ಟಿದಾಗ ಮಧುಶ್ರೀ ತಮ್ಮನ ಕಿವಿ ಹಿಂಡಿದಳು, ಅತ್ತಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎದೆಯ ಮೇಲಿನ ಭಾರವೆಲ್ಲ ಇಳಿದಿತ್ತು.

ಶಶಿ ಊರಿಗೆ ಫೋನ್ ಹಚ್ಚಿದ. "ತಾತ, ಅವತ್ತು ಮೆದೆ ಗಾಳಿಗೆ ಬಿದ್ದಿದ್ದಲ್ಲ. ಟಾರ್ಪಲ್ ತೆಗೀದೆ ಒಟ್ಟಿದ್ದೆ. ನಂದೇ ತಪ್ಪು."

ಸಣ್ಣಯ್ಯ ಕೆಮ್ಮಿದ. "ಹೊರೆ ಸಂದೀಲಿ ಟಾರ್ಪಲ್ ಕಾಣ್ತಿತ್ತು ಕಣ್ಲಾ. ಬೈಯಣ ಅಂತ ಬಾಯಿ ತೆಗೆಯೋದ್ರೊಳಗೆ ಮೈಮೇಲೆ ಬಿತ್ತು. ನೀನಾಗೇ ಹೇಳ್ಲಿ ಅಂತ ಸುಮ್ಕಿದ್ದೆ."

ಶಶಿ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

"ಮುಂದಿನ ಸುಗ್ಗೀಲಿ ಮೆದೆ ನೀನೇ ಒಟ್ಟು," ಎಂದ ತಾತ. "ನಾನು ಕೆಳಗೇ ಕೂತಿರ್ತೀನಿ."