ಕಲ್ಸೋಮ್ ತನಗಾಗಿ ನೇಯ್ದ ಸೊಂಗ್ಕೆಟ್

ತೆರೆಂಗಾನು ನದಿಯ ದಡದ ಆ ಹಳ್ಳಿಯಲ್ಲಿ ಕಲ್ಸೋಮ್ ನೇಯ್ದ ಜರಿಯ ಸೊಂಗ್ಕೆಟ್ ಬಟ್ಟೆ ಉಡದೆ ಹಸೆಗೇರಿದ ಹುಡುಗಿಯರು ಕಡಿಮೆ. ಆದರೆ ಐವತ್ತು ದಾಟಿದ ಈ ವಿಧವೆ ಈಗ ಮಗ್ಗಕ್ಕೆ ಕೆಂಪು ನೂಲಿನ ಹಾಸು ಹೂಡಿ ಕೂತದ್ದು ತನಗಾಗಿ. ಆಚೆ ದಡದಲ್ಲಿ ದೋಣಿ ಕಟ್ಟುವ ಎಂಬೊಂಗ್ ಮದುವೆಯಾಗೋಣವೇ ಎಂದು ಕೇಳಿದ್ದ. ಅವಳು ಹೂಂ ಅಂದಿದ್ದಳು.

ಸತ್ತ ಗಂಡನ ತಂಗಿ ಲಿಮಾ ಮೀನಿನ ಹಪ್ಪಳದ ತಟ್ಟೆ ಹಿಡಿದು ಮಗ್ಗದ ಪಕ್ಕ ಬಂದು ಕುಕ್ಕರಿಸಿದಳು.

"ಅತ್ತಿಗೆ, ಮದುವೆ ಆಗು, ಯಾರು ಬೇಡ ಅಂದ್ರು? ಮೊಮ್ಮಕ್ಕಳನ್ನ ಎತ್ತಿ ಆಡಿಸಿದೋಳಿಗೆ ಜರಿ ಯಾಕೆ? ಒಂದು ಬಾತಿಕ್ ಹತ್ತಿ ಬಟ್ಟೆ ಸುತ್ಕೊಂಡ್ರೆ ಸಾಲ್ದಾ? ಊರೋರು ನಗ್ತಾರೆ."

"ನಗ್ಲಿ ಬಿಡು. ಮದುವೆ ಮನೇಲಿ ಅಳೋರಿಗಿಂತ ನಗೋರು ವಾಸಿ."

"ಮರ, ಉಳಿ ಬಿಟ್ರೆ ಆ ಎಂಬೊಂಗ್‌ಗೆ ಇದೆಲ್ಲಾ ಏನು ತಿಳಿಯುತ್ತೆ?"

"ಮೊನ್ನೆ ಕೇಳ್ದ, ಇದಕ್ಕೆ ಸೊಂಗ್ಕೆಟ್ ಅಂತ ಹೆಸರು ಯಾಕೆ ಬಂತು ಅಂತ. ಸುಂಗ್ಕಿತ್ ಅಂದ್ರೆ ಮೀಟಿ ಎತ್ತೋದು, ಹಾಸಿನ ಎಳೆ ಎತ್ತಿ ಕೆಳಗೆ ಜರಿ ತೂರಿಸ್ತೀವಲ್ಲ, ಅದೇ ಅಂದೆ. 'ಹಂಗಾದ್ರೆ ಬಿದ್ಕೊಂಡಿದ್ದ ನನ್ನನ್ನೂ ನೀನು ಹಂಗೇ ಎತ್ತಿದ್ದು' ಅಂದ."

ಲಿಮಾ ನಗು ತಡೆಯಲು ಹಪ್ಪಳ ಕಚ್ಚಿದಳು.

ಅಷ್ಟರಲ್ಲಿ ಪಟ್ಟಣದ ಹೆಂಗಸೊಬ್ಬಳು ಮಗಳ ಮದುವೆಗೆ ಬಟ್ಟೆ ಹುಡುಕುತ್ತ ಮೆಟ್ಟಿಲೇರಿ ಬಂದಳು. ಮಗ್ಗದ ಮೇಲಿನ ಬಟ್ಟೆ ಕಂಡವಳ ಕಣ್ಣು ಅಲ್ಲೇ ನೆಟ್ಟಿತು.

"ಇದನ್ನೇ ನನಗೆ ಕೊಡಿ."

"ಇದು ಆಗಲೇ ಒಬ್ಬ ಮದುವಣಗಿತ್ತಿದು," ಎಂದಳು ಕಲ್ಸೋಮ್.

"ಆ ಹುಡುಗಿ ಹತ್ರ ನಾನೇ ಮಾತಾಡ್ತೀನಿ. ಯಾರ ಮನೆಯೋಳು?"

"ಇದೇ ಮನೆಯೋಳು. ನಾನೇ."

ಹೆಂಗಸು ಅವಳ ನರೆಗೂದಲನ್ನು ನೋಡಿದಳು. ತುಟಿಯಂಚಿನಲ್ಲಿ ಸಣ್ಣ ನಗೆ ಸುಳಿಯಿತು. ಕಲ್ಸೋಮ್ ಕಣ್ಣು ತಗ್ಗಿಸಲಿಲ್ಲ. ತಟ್ಟನೆ ಎದ್ದು ನಿಂತವಳು ಲಿಮಾ.

"ಯಾಕಮ್ಮಾ ನಗ್ತೀರಾ? ಇಷ್ಟು ವರ್ಷ ಊರಿಗೆಲ್ಲ ಉಡಿಸಿದ ಕೈ ಅದು. ತನ್ನ ಮೊದಲ್ನೇ ಮದುವೇಲಿ ಎರವಲು ಬಟ್ಟೆ ಉಟ್ಟು ಮಾರನೇ ದಿನ ವಾಪಸ್ ಕೊಟ್ಟೋಳು. ಈಗ ನಮ್ಮತ್ತಿಗೆಯ ಸರದಿ. ನಿಮ್ಮ ಮಗಳದ್ದು ಆಮೇಲೆ."

ಹೆಂಗಸು ಬಟ್ಟೆಯ ಅಂಚು ಮುಟ್ಟಿ ನೋಡಿ, "ಆಗ್ಲಿ, ಕಾಯ್ತೀನಿ. ಹಸಿರು ಬಣ್ಣ ಇರ್ಲಿ," ಎಂದಳು.

ನೇಯ್ಗೆ ಮುಗಿದ ಮೇಲೆ ಬಂದ ಶುಕ್ರವಾರ ಮದುವೆಯಾಯಿತು. ಸೆರಗಿನ ನೆರಿಗೆಯಂತೆ ಒಂದೊಂದು ಮಡಿಕೆಯನ್ನೂ ಒಪ್ಪ ಮಾಡಿ ಉಡಿಸಿದವಳು ಲಿಮಾ. ಅದೇ ಬಟ್ಟೆಯ ತುಂಡನ್ನು ಸೊಂಟಕ್ಕೆ ಸುತ್ತಿದ್ದ ಎಂಬೊಂಗ್ ತುಪ್ಪದನ್ನ ಎಲ್ಲಿ ಚೆಲ್ಲೀತೋ ಎಂದು ಬೆರಳ ತುದಿಯಲ್ಲಿ ಉಂಡ. ಮರುದಿನ ಬಿಚ್ಚಿದ ಮಗ್ಗವನ್ನು ದೋಣಿಗೇರಿಸಿ ಹೊಸ ಗಂಡ ಹೆಂಡಿರು ನದಿ ದಾಟಿದರು. ಆ ವಾರವೇ ಕಲ್ಸೋಮ್ ಹಸಿರು ನೂಲು ಸುತ್ತತೊಡಗಿದಳು.