ತಟ್ಟಿ ನೋಡದ ತಗಡು

ಆ ಗ್ಯಾರೇಜಿನಲ್ಲಿ ಒಂದು ಕಟ್ಟಳೆ ಇತ್ತು. ಕೆಲಸ ಮಾಡಿದವರು ತಮ್ಮ ಕೆಲಸವನ್ನು ತಾವೇ ತಟ್ಟಿ ನೋಡುವಂತಿಲ್ಲ, ಇನ್ನೊಬ್ಬರು ತಟ್ಟಬೇಕು. ತುಕ್ಕು ಕತ್ತರಿಸಿ, ಹೊಸ ತಗಡು ಬೆಸೆದು, ಬಣ್ಣ ಹೊಡೆದಾದ ಮೇಲೆ ಅಣ್ಣನ ಕೆಲಸವನ್ನು ತಂಗಿ, ತಂಗಿಯ ಕೆಲಸವನ್ನು ಅಣ್ಣ, ಸ್ಕ್ರೂಡ್ರೈವರಿನ ಹಿಡಿಯಿಂದ ಅಂಗುಲ ಅಂಗುಲ ತಟ್ಟಬೇಕು. ಒಳಗೆ ಕಬ್ಬಿಣ ಇದ್ದರೆ ಟಣ್ ಅನ್ನುತ್ತದೆ. ತೂತು ಮುಚ್ಚಲು ಪುಟ್ಟಿ ಮೆತ್ತಿದ್ದರೆ ಡಬ್ ಅನ್ನುತ್ತದೆ. ಅನುಮಾನ ಬಂದರೆ ಮೊನೆ ತಿರುಗಿಸಿ ಚುಚ್ಚಬೇಕು. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು. ಒಂದೇ ಒಂದು ಕಾರು ತಟ್ಟಿಸಿಕೊಳ್ಳದೆ ಹೊರಗೆ ಬಂದಿತ್ತು ನೋಡಿ, ಆ ಒಂದೇ ಕಾರು ಈಗ ಅತ್ತೆಯ ಎದೆಯ ಮೇಲೆ ಕೂತಿತ್ತು.

ಅತ್ತೆ ಅಂದರೆ ಆ ಗ್ಯಾರೇಜಿನ ಪೇಂಟರ್. ಅಣ್ಣನ ಮಗಳು ಹಾಗೆ ಕರೆಯುತ್ತಿದ್ದಳು, ಅದನ್ನು ಕೇಳಿ ಕೇಳಿ ಬಂದ ಗಿರಾಕಿಗಳೂ ಅತ್ತೆ ಅಂತಲೇ ಕರೆದರು, ತಲೆ ನರೆತವರೂ ಕೂಡ. ಆ ಮಗಳಿಗೆ ಮನೆಯಲ್ಲಿ ಇಟ್ಟ ಹೆಸರು ಮಿಡತೆ. ಒಂದು ಕಡೆ ನಿಂತ ಜನ್ಮ ಅಲ್ಲ ಅದು. ಮಿಡತೆಗೆ ನಾಲ್ಕು ವರ್ಷ ಇದ್ದಾಗ ತಾಯಿ ತೀರಿಕೊಂಡಳು. ಅಲ್ಲಿಂದ ಜಡೆ ಹೆಣೆದವಳು, ಜ್ವರದಲ್ಲಿ ಪಕ್ಕ ಕೂತವಳು, ಬೈದವಳು, ಬೈದು ಆಮೇಲೆ ತಾನೇ ಅತ್ತವಳು, ಎಲ್ಲ ಅತ್ತೆಯೇ. ಈಗ ಮಿಡತೆಗೆ ಇಪ್ಪತ್ನಾಲ್ಕು. ವಿಮಾನ ಬರುವುದು ನಿಂತು ಹೋದ ಹಳೇ ರನ್‌ವೇ ಮೇಲೆ, ಬೆಳಗಿನ ಬಿಸಿಲಲ್ಲಿ, ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು ಕಾರಿನ ಸುತ್ತ ಕುಣಿಯುತ್ತಿದ್ದಳು.

ಕಾರು ಮಾತ್ರ ನೋಡುವ ಹಾಗಿತ್ತು. ಮೂವತ್ತು ವರ್ಷದ ಮುದುಕಿ, ಎರಡೇ ಬಾಗಿಲು, ನೆಲಕ್ಕೆ ಮೂತಿ ತಾಗಿಸಿಕೊಂಡು ನಿಂತ ಗತ್ತು. ಮುಂದೆ ಗಾಳಿ ಅಡಿಗೆ ನುಗ್ಗದಂತೆ ಮಿಡತೆ ತಾನೇ ಕತ್ತರಿಸಿ ಕೂರಿಸಿದ ತುಟಿ. ಹೊಟ್ಟೆಯ ಕೆಳಗೆ ನುಣ್ಣನೆಯ ಅಲ್ಯೂಮಿನಿಯಂ ಹಾಳೆ. ಹಿಂದೆ, ಡಿಕ್ಕಿಯ ಮುಚ್ಚಳದ ಸೀಳುಗಳಿಂದ ಒಳನೆಲಕ್ಕೆ ಇಳಿದ ಎರಡು ಕಾಲಿನ ಮೇಲೆ ನಿಂತ ದೊಡ್ಡ ರೆಕ್ಕೆ.

"ಅತ್ತೆ, ಇದು ಹಾರೋ ರೆಕ್ಕೆ ಅಲ್ಲ, ತುಳಿಯೋ ರೆಕ್ಕೆ," ಅಂತ ಮಿಡತೆ ಅಡುಗೆಮನೆಯಲ್ಲಿ ತಟ್ಟೆ ಓರೆ ಹಿಡಿದು ತೋರಿಸಿದ್ದಳು. "ಜೋರಾಗಿ ಹೋದಷ್ಟೂ ಗಾಳಿ ಗಾಡೀನ ನೆಲಕ್ಕೆ ಒತ್ತುತ್ತೆ. ನೂರಾ ಎಪ್ಪತ್ತರಲ್ಲಿ ಅಪ್ಪನೇ ಡಿಕ್ಕಿ ಮೇಲೆ ಹತ್ತಿ ಕೂತ ಹಾಗೆ."

"ನಿಮ್ಮಪ್ಪ ಕೂತ್ರೆ ಗಾಡಿ ಅಲ್ಲೇ ಮಲಗುತ್ತೆ ಕಣೇ," ಅಂದಿದ್ದಳು ಅತ್ತೆ. ಅವತ್ತು ಮೂವರೂ ನಕ್ಕಿದ್ದರು. ಅತ್ತೆಯ ನಗು ಮಾತ್ರ ಅರ್ಧಕ್ಕೇ ನಿಂತದ್ದು ಯಾರಿಗೂ ಕಾಣಲಿಲ್ಲ. ರೆಕ್ಕೆಯ ಕಾಲು ಎಲ್ಲಿ ಇಳಿಯುತ್ತದೆ ಅಂತ ಅವಳಿಗೆ ಆಗ ಹೊಳೆದಿತ್ತು.

ಆದದ್ದು ಇಷ್ಟು. ಆ ಕಾರು ಮೊದಲು ಬಂದದ್ದು ಒಬ್ಬ ಫೋಟೋ ಸ್ಟುಡಿಯೋದವನಿಗಾಗಿ. ಓಡುವುದು ಬೇಡ, ಪಕ್ಕದಲ್ಲಿ ನಿಂತು ಜನ ಫೋಟೋ ತೆಗೆಸಿಕೊಳ್ಳಲಿ, ಅಷ್ಟೇ ಅಂದಿದ್ದ. ಡಿಕ್ಕಿಯ ನೆಲದ ಎರಡು ಮೂಲೆ, ಹಿಂದಿನ ಚಕ್ರದ ಶಾಕ್ ಅಬ್ಸಾರ್ಬರ್ ಬಂದು ಕೂರುವ ಜಾಗ, ತುಕ್ಕು ಹಿಡಿದು ಹಪ್ಪಳವಾಗಿತ್ತು. ಎಡಮೂಲೆಯನ್ನು ಅಣ್ಣ ಮುಗಿಸಿದ. ಅಷ್ಟರಲ್ಲಿ ಅವನ ಕಣ್ಣಿನ ಪೊರೆ ಬಲಿತು, ಚಹಾ ಲೋಟದ ಆಚೆ ಸುರಿದುಕೊಂಡು "ಚೆನ್ನಾಗೇ ಕಾಣುತ್ತೆ ನಂಗೆ" ಅಂತ ಜಗಳ ಆಡುವವರೆಗೆ ಬಂತು. ಎಳೆದುಕೊಂಡು ಹೋಗಿ ಆಪರೇಷನ್ ಮಾಡಿಸಿದರು. ಆರು ವಾರ ವೆಲ್ಡಿಂಗ್ ಬೆಂಕಿ ನೋಡಕೂಡದು ಅಂದರು ಡಾಕ್ಟರು. ಬಲಮೂಲೆ ಹಾಗೇ ಉಳಿಯಿತು. ಸ್ಟುಡಿಯೋದವನು ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ.

ಅತ್ತೆ ಬಣ್ಣದವಳು, ಅಷ್ಟಿಷ್ಟು ಬೆಸೆಯಲು ಬಂದರೂ ಬೆಂಕಿಯವಳಲ್ಲ. ಆದರೂ ಒಂದು ಮಧ್ಯಾಹ್ನ ಶಟರ್ ಅರ್ಧ ಎಳೆದು, ಬಲಮೂಲೆಯ ತೂತಿಗೆ ಹಳೇ ಪೇಪರ್ ಉಂಡೆ ತುರುಕಿ, ಮೇಲೆ ಫೈಬರ್ ಬಟ್ಟೆ, ಅದರ ಮೇಲೆ ಪುಟ್ಟಿ, ಎಮರಿ ಪೇಪರಿನಿಂದ ಉಜ್ಜಿ, ಕಪ್ಪು ಬಣ್ಣ ಬಳಿದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ನಿಲ್ಲುವ ಗಾಡಿಗೆ ಏನಾಗುತ್ತದೆ ಅಂದುಕೊಂಡಳು. ಅಣ್ಣ ಕಪ್ಪು ಕನ್ನಡಕ ಹಾಕಿಕೊಂಡು ಬಂದು ಡಿಕ್ಕಿಯೊಳಗೆ ಬಗ್ಗಿ ನೋಡಿದಾಗ ಅವಳು ತೊಳೆದ ಬ್ರಷ್ಷನ್ನೇ ಮತ್ತೆ ತೊಳೆಯುತ್ತಿದ್ದಳು. ಅವನು ಸ್ಕ್ರೂಡ್ರೈವರ್ ಕೇಳಲೇ ಇಲ್ಲ.

"ಬಿಡು, ಈ ಸಲ ತಟ್ಟೋದೆಲ್ಲ ಬೇಡ," ಅಂದ. "ಫೋಟೋಗೆ ನಿಲ್ಲೋ ಗಾಡಿ. ನೀನೂ ತಟ್ಟಬೇಡ, ನಾನೂ ತಟ್ಟಲ್ಲ."

ಬದುಕಿದೆ ಬಡಜೀವವೇ ಅಂದುಕೊಂಡಳು ಅತ್ತೆ. ಆಮೇಲೆ ಸ್ಟುಡಿಯೋದವನು ಅಂಗಡಿಯನ್ನೇ ಮುಚ್ಚಿ ಊರು ಬಿಟ್ಟ. ಕಾರು ಶೆಡ್ಡಿನಲ್ಲಿ ಉಳಿಯಿತು. ಉಳಿದ ಗಾಡಿಯ ಮೇಲೆ ಮಿಡತೆಯ ಕಣ್ಣು ಬಿತ್ತು, ಇದನ್ನ ರೇಸಿಗೆ ಓಡಿಸ್ತೀನಿ ಅಂದಳು.

ಅವತ್ತೇ ಹೇಳಬಾರದಿತ್ತೇ? ಕೇಳುವುದು ಸುಲಭ. ಹೋದ ವರ್ಷ ಇನ್ನೊಂದು ಗ್ಯಾರೇಜಿನವನು ಹೀಗೇ ಪುಟ್ಟಿ ಮೆತ್ತಿದ್ದು ಸಿಕ್ಕಿಬಿದ್ದಾಗ ಅಣ್ಣ ಬೀದಿಯಲ್ಲಿ ನಿಂತು "ಕೊಲೆಗಡುಕ" ಅಂತ ಕೂಗಿದ್ದ. ಮಿಡತೆ ಪಕ್ಕದಲ್ಲೇ ನಿಂತು ಹೌದು ಹೌದು ಅಂದಿದ್ದಳು. ಆ ಮಾತು ಆ ಬಾಯಿಂದ ತನಗೆ ಬಂದರೆ ಬದುಕಿ ಪ್ರಯೋಜನವೇನು ಅಂತ ಅತ್ತೆಗೆ ಅನ್ನಿಸಿತು. ನಾಳೆ ಹೇಳಿದರಾಯಿತು ಅಂದಳು. ಎಷ್ಟು ನಾಳೆಗಳು!

ರೆಕ್ಕೆಯ ಕಾಲಿಗೆ ಬೋಲ್ಟ್ ತೂತು ಕೊರೆಯುವ ದಿನವಂತೂ "ಬಲಗಡೆ ನಾನೇ ಕೊರೀತೀನಿ, ನಿಂಗೆ ಡ್ರಿಲ್ ಜಾರುತ್ತೆ" ಅಂತ ಮಿಡತೆಯ ಕೈಯಿಂದ ಕಿತ್ತುಕೊಂಡಳು. ಡ್ರಿಲ್ಲಿನ ಬಾಯಿಂದ ಕಬ್ಬಿಣದ ಚೂರು ಬರಲಿಲ್ಲ, ಪುಟ್ಟಿಯ ಗುಲಾಬಿ ಪುಡಿ ಬಂತು. ಉಫ್ ಅಂತ ಊದಿಬಿಟ್ಟಳು. ಎಡಗಡೆ ಅಣ್ಣನೇ ಕೊರೆದ. ಮಗಳನ್ನು ಚಹಾ ತರಲು ಕಳಿಸಿ, ಇವಳಿಗೆ ಬೆನ್ನು ತಿರುಗಿಸಿ ಕೂತು ಕೊರೆದ. ಮಗಳ ಗಾಡಿ ಅಂತ ಅಣ್ಣನಿಗೆ ಎಷ್ಟು ಕಾಳಜಿ ಅಂತ ಅತ್ತೆಯ ಕಣ್ಣಲ್ಲಿ ನೀರು ಬಂದಿತ್ತು.

ಇಂಥ ಹೆಂಗಸು ಈಗ ರನ್‌ವೇ ಅಂಚಿನಲ್ಲಿ ನಿಂತಿದ್ದಳು, ಸೆರಗಿನ ತುದಿ ಹಿಂಡಿ ಹಿಂಡಿ ಹಗ್ಗ ಮಾಡಿಕೊಂಡು.

ಓಟ ಶುರುಮಾಡಿಸುವ ಬಾವುಟದವನು ಬಂದು ಹೇಳಿದ, "ಎರಡು ಓಟ. ಮೊದಲನೇದು ನೂರಾ ಇಪ್ಪತ್ತರ ಒಳಗೆ. ಎರಡನೇದು ನಿಮ್ಮಿಷ್ಟ, ಎಷ್ಟು ಬೇಕೋ ಅಷ್ಟು."

ಅಣ್ಣ ನಾಲ್ಕನೇ ಸಲ ಟೈರಿನ ಗಾಳಿ ಅಳೆದ. "ಗಾಳಿ ಜಾಸ್ತಿ ಇದೆ ಇವತ್ತು," ಅಂದ. "ಇನ್ನೊಂದಿನ ಬರೋಣ್ವಾ?"

"ಅಪ್ಪಾ, ಎಲೆ ಕೂಡ ಅಲ್ಲಾಡ್ತಿಲ್ಲ," ಅಂತ ಮಿಡತೆ ನಕ್ಕು ಒಳಗೆ ಕೂತಳು.

ಮೊದಲ ಓಟದಲ್ಲಿ ಕಾರು ದೂರ ಹೋಗಿ ಚುಕ್ಕಿಯಾಯಿತು. ಚುಕ್ಕಿ ತಿರುಗಿ ದೊಡ್ಡದಾಗುತ್ತ ಬಂದು, ಮುಂದೆ ಹಾದು, ನಿಧಾನವಾಗಿ ನಿಂತಿತು. ಏನೂ ಆಗಲಿಲ್ಲ. ನೋಡಿದೆಯಾ, ಸುಮ್ಮನೆ ಹೆದರಿ ಸತ್ತೆ ಅಂತ ಅತ್ತೆ ತನ್ನನ್ನು ತಾನೇ ಬೈದುಕೊಂಡಳು. ಒರೆಸುವ ನೆಪದಲ್ಲಿ ಬಟ್ಟೆ ಹಿಡಿದು ಕಾರಿನ ಹಿಂದೆ ಹೋಗಿ ಡಿಕ್ಕಿ ಎತ್ತಿದಳು.

ರೆಕ್ಕೆಯ ಬಲಗಾಲು ನೆಲಕ್ಕೆ ಇಳಿದ ಕಡೆ, ಕಪ್ಪು ಬಣ್ಣದ ಮೇಲೆ ಒಂದು ಗೀಟು ಎದ್ದಿತ್ತು. ಕೂದಲೆಳೆಯಷ್ಟು. ಬೇರೆ ಯಾರ ಕಣ್ಣಿಗೂ ಅದು ಕಾಣುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಬಣ್ಣ ಹೊಡೆದವಳಿಗೆ ಕಾಣದೇ ಇರುತ್ತದೆಯೇ? ಗಟ್ಟಿ ತಗಡಿನ ಮೇಲೆ ಬಣ್ಣ ಹೀಗೆ ಸೀಳುವುದಿಲ್ಲ. ಅಡಿಯಲ್ಲಿ ಇರುವುದು ಅಲ್ಲಾಡಿದರೆ ಮಾತ್ರ ಸೀಳುತ್ತದೆ. ನೂರಾ ಇಪ್ಪತ್ತಕ್ಕೇ ಹೀಗಾದರೆ! ಅವಳ ಕಣ್ಣ ಮುಂದೆ ರೆಕ್ಕೆ ಕಿತ್ತು ಹೋಯಿತು, ಹಿಂದಿನ ಚಕ್ರ ಒಳಗೆ ಮಡಚಿತು, ಕೆಂಪು ಕಾರು ಒಂದು ಸಲ, ಎರಡು ಸಲ ಮಗುಚಿತು.

"ಅತ್ತೆ, ಡಿಕ್ಕಿ ಮುಚ್ಚಿ! ಹೊರಡಬೇಕು!" ಒಳಗಿಂದ ಮಿಡತೆ ಕೂಗಿದಳು.

ಇಂಜಿನ್ ಗುರುಗುಟ್ಟಿತು. ಬಾವುಟದವನು ಕೈ ಎತ್ತಿದ. ಅಣ್ಣ ಗೇಜ್ ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದ. ಅತ್ತೆಯ ಬಾಯಿ ತೆರೆಯಿತು, ಧ್ವನಿ ಬರಲಿಲ್ಲ. ಹೆದರಿಕೆ ಅಂದರೆ ಹಾಗೆ, ಬೇಕಾದಾಗ ನಾಲಿಗೆಯನ್ನೇ ನುಂಗಿಬಿಡುತ್ತದೆ. ಆದರೆ ಕೈಗೆ ಕೆಲಸ ಗೊತ್ತಿತ್ತು. ಟೂಲ್‌ಬಾಕ್ಸಿನಿಂದ ಸ್ಕ್ರೂಡ್ರೈವರ್ ಎಳೆದುಕೊಂಡು, ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿ, ಹಿಡಿಯಿಂದ ತಟ್ಟಿದಳು.

ಡಬ್. ಡಬ್. ಡಬ್.

ಅಣ್ಣ ತಿರುಗಿದ. ಆ ಸದ್ದು ಏನು ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅತ್ತೆ ಮೊನೆ ತಿರುಗಿಸಿ ಚುಚ್ಚಿದಳು. ಬೆಣ್ಣೆಗೆ ಹೋದ ಹಾಗೆ ಹಿಡಿಯವರೆಗೂ ಹೋಯಿತು. ಎಳೆದಾಗ ಅದರ ತುದಿಗೆ ಹಳೇ ಪೇಪರಿನ ಚೂರು ಸಿಕ್ಕಿಕೊಂಡು ಹೊರಗೆ ಬಂತು.

ಮಿಡತೆ ಇಂಜಿನ್ ಆರಿಸಿ, ಹೆಲ್ಮೆಟ್ ತೆಗೆದು, ಇಳಿದು ಬಂದಳು. ಮೊದಲು ಪೇಪರ್ ಚೂರು ನೋಡಿದಳು. ಆಮೇಲೆ ಅತ್ತೆಯ ಮುಖ ನೋಡಿದಳು.

"ನಾನೇ ಮಾಡಿದ್ದು," ಅಂದಳು ಅತ್ತೆ. ಈಗ ಧ್ವನಿ ಬಂದಿತ್ತು. "ನಿಮ್ಮಪ್ಪಂಗೆ ಕಣ್ಣಿನ ಆಪರೇಷನ್ ಆದಾಗ. ಗೊತ್ತಿದ್ದೂ ಸುಮ್ನಿದ್ದೆ. ಹೆದರ್ಕೊಂಡಿದ್ದೆ ಕಣೇ. ಬೈಯಿ ನನ್ನ, ಏನು ಬೇಕಾದ್ರೂ ಅನ್ನು, ಆದ್ರೆ ಆ ಸೀಟಲ್ಲಿ ಮತ್ತೆ ಕೂರಬೇಡ."

ಅತ್ತೆ ಅಣ್ಣನ ಕಡೆ ನೋಡಿದಳು, ಕೊಲೆಗಡುಕ ಅನ್ನುವ ಆ ಮಾತು ಈಗ ಬರುತ್ತದೆ ಅಂತ ಕಾದಳು. ಬರಲಿಲ್ಲ. ಅಣ್ಣ ಅವಳನ್ನು ನೋಡುತ್ತಲೇ ಇರಲಿಲ್ಲ. ಡಿಕ್ಕಿಯ ಎಡಮೂಲೆ ನೋಡುತ್ತಿದ್ದ.

"ಎಡಗಡೆ ಗಟ್ಟಿ ಇದೆಯಲ್ಲ," ಅಂದಳು ಮಿಡತೆ. ಅವಳ ತಲೆ ಆಗಲೇ ಲೆಕ್ಕ ಹಾಕುತ್ತಿತ್ತು. "ಅದು ಅಪ್ಪ ಬೆಸೆದಿದ್ದು. ಬಲಗಡೆ ಕತ್ತರಿಸಿ ಹೊಸದು ಹಾಕಿದ್ರೆ ಆಯ್ತು." ಅತ್ತೆಯ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಎಡಕ್ಕೆ ಬಗ್ಗಿದಳು.

"ಬೇಡ," ಅಂದ ಅಣ್ಣ.

ಮಿಡತೆಯ ಕೈ ನಿಂತಿತು. ತಟ್ಟೋದೆಲ್ಲ ಬೇಡ ಅಂದಿದ್ದು, ಬೆನ್ನು ತಿರುಗಿಸಿ ಕೂತು ಕೊರೆದದ್ದು, ಇವತ್ತು ನಾಲ್ಕು ಸಲ ಟೈರಿನ ಗಾಳಿ ಅಳೆದದ್ದು, ಎಲ್ಲ ಅತ್ತೆಗೆ ಒಟ್ಟಿಗೇ ನೆನಪಿಗೆ ಬಂತು. ಲೋಟ ಕಾಣದ ಕಣ್ಣಿಗೆ ಬೆಸುಗೆಯ ಗೆರೆ ಹೇಗೆ ಕಂಡಿತು ಅಂತ ತಾನು ಒಂದು ದಿನವೂ ಕೇಳಿರಲಿಲ್ಲ. ತನ್ನದೇ ಹೆದರಿಕೆಯಲ್ಲಿ ಮುಳುಗಿದ್ದವಳಿಗೆ ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ಅದೇ ಹೆದರಿಕೆಯಲ್ಲಿ ಮಲಗಿದ್ದು ತಿಳಿಯಲೇ ಇಲ್ಲ.

"ಕಣ್ಣು ಕಾಣ್ತಿರ್ಲಿಲ್ಲ ಮಗಾ," ಅಂದ ಅಣ್ಣ. "ಕಾಣಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು, ನಾನೂ ಪುಟ್ಟಿನೇ ಮೆತ್ತಿಬಿಟ್ಟೆ. ಒಂದು ಕಡೆ ಆದ್ರೂ ಗಟ್ಟಿ ಇದೆ, ನಿಮ್ಮತ್ತೆ ಕೆಲಸ ಹಿಡ್ಕೊಂಡಿರುತ್ತೆ ಅಂದ್ಕೊಂಡಿದ್ದೆ."

ಬಾವುಟದವನು ದೂರದಿಂದ ಕೂಗಿದ, "ಏನಮ್ಮಾ, ಓಡಿಸ್ತೀರಾ ಇಲ್ವಾ?"

ಮಿಡತೆ ಕಟ್ಟಳೆಯಂತೆ ಎಡಮೂಲೆಯನ್ನು ಅಂಗುಲ ಅಂಗುಲ ತಟ್ಟಿದಳು. ಡಬ್. ಡಬ್. ಕೊನೆಯವರೆಗೂ ತಟ್ಟಿ ಮುಗಿಸಿ, ಸ್ಕ್ರೂಡ್ರೈವರ್ ಡಬ್ಬಿಯಲ್ಲಿಟ್ಟು, ಕಾರನ್ನು ತಳ್ಳಿಕೊಂಡೇ ಟ್ರೈಲರ್ ಹತ್ತಿಸೋಣ ಅಂದಳು. ಮೂವರೂ ಕೈ ಹಾಕಿದರು. ಮನೆ ಸೇರುವವರೆಗೂ ಅವಳು ಒಬ್ಬರ ಮುಖವನ್ನೂ ನೋಡಲಿಲ್ಲ.